'ಡಿನೈಡ್ ಟೇಕಿಂಗ್' ತಪ್ಪಾ? 'ಡಿನೈಡ್ ಹ್ಯಾವಿಂಗ್ ಟೇಕನ್' ಮಾತ್ರ ಸರಿನಾ?

ಬೆಣ್ಣೆದೋಸೆ_ಪ್ರಿಯೆ
ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ, ದಾವಣಗೆರೆಯಲ್ಲಿ ಒಂದು ಕೋಚಿಂಗ್ ಸೇರಿದ್ದೇನೆ. ಈ ವಾರದ ಮಾಕ್ ಟೆಸ್ಟ್‌ನಲ್ಲಿ ಬಂದ ಪ್ರಶ್ನೆ ಇದು. "ದ ಕ್ಯಾಷಿಯರ್ ಡಿನೈಡ್ ______ ದ ಮನಿ." ಆಯ್ಕೆಗಳು: ಎ. ಟು ಟೇಕ್, ಬಿ. ಟು ಹ್ಯಾವ್ ಟೇಕನ್, ಸಿ. ಟೇಕಿಂಗ್, ಡಿ. ಹ್ಯಾವಿಂಗ್ ಟೇಕನ್.

ನಾನು ಸಿ ಒತ್ತಿದೆ. ಕೀ ಉತ್ತರ ಡಿ. ಅಂಕವೂ ಹೋಯಿತು, ಮೇಲಿಂದ ಕಾಲು ಅಂಕ ಮೈನಸ್. ಸರ್ ಹತ್ತಿರ ಕೇಳಿದರೆ, "ದುಡ್ಡು ತೆಗೆದದ್ದು ಮೊದಲು, ಇಲ್ಲ ಅಂದದ್ದು ಆಮೇಲೆ. ಮೊದಲು ನಡೆದದ್ದಕ್ಕೆ ಪರ್ಫೆಕ್ಟ್, ಅಂದರೆ ಹ್ಯಾವ್ ಸೇರಿದ ರೂಪ, ಬರಲೇಬೇಕು" ಅಂದರು. ಜೊತೆಗೆ ಒಂದು ಪಟ್ಟಿ ಕೊಟ್ಟರು: ಅಡ್ಮಿಟ್, ಡಿನೈ, ರಿಗ್ರೆಟ್, ರಿಮೆಂಬರ್, ಸೀಮ್, ಕ್ಲೈಮ್, ಹೋಪ್. ಇವು ಕಂಡರೆ ಕಣ್ಣು ಮುಚ್ಚಿ ಪರ್ಫೆಕ್ಟ್ ಹಾಕಿ ಅಂತ.

ಕಣ್ಣು ಮುಚ್ಚೋಕೆ ನನಗೆ ಮನಸ್ಸಾಗುತ್ತಿಲ್ಲ. ಗೊತ್ತಿರುವವರು ಹೇಳಿ.

ಕೋಡ್_ಕೂಲಿ
ಸಿ, ಡಿ ಎರಡೂ ಸರಿ. ಪ್ರಶ್ನೆಯೇ ತಪ್ಪು. ಮುಂದಿನ ಪ್ರಶ್ನೆ ಕೇಳಿ.

ತುಂಗಾತೀರ
ಇಲ್ಲ, ನಿಮ್ಮ ಸರ್ ಹೇಳಿದ್ದೇ ಸರಿ. ನಾವೂ ಹಾಗೇ ಕಲಿತದ್ದು. ಎರಡು ಘಟನೆ ಇದ್ದರೆ ಮೊದಲಿನದಕ್ಕೆ ಪರ್ಫೆಕ್ಟ್. "ದ ಟ್ರೈನ್ ಹ್ಯಾಡ್ ಲೆಫ್ಟ್ ಬಿಫೋರ್ ಐ ರೀಚ್ಡ್ ದ ಸ್ಟೇಷನ್." ಅದೇ ನಿಯಮ ಇಲ್ಲೂ ಬರುತ್ತದೆ.

ನಿವೃತ್ತ_ಮೇಷ್ಟ್ರು
ತುಂಗಾತೀರ ಅವರೇ, ಆ ರೈಲಿನ ವಾಕ್ಯ ಇಡೀ ಕರ್ನಾಟಕವನ್ನು ಹಾಳು ಮಾಡಿದೆ! ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ಆದರೆ ಅಲ್ಲೂ 'ಬಿಫೋರ್' ಅನ್ನುವ ಪದವೇ ಹಿಂದುಮುಂದನ್ನು ಹೇಳಿಬಿಡುತ್ತದೆ. ಹಾಗಾಗಿ "ದ ಟ್ರೈನ್ ಲೆಫ್ಟ್ ಬಿಫೋರ್ ಐ ರೀಚ್ಡ್" ಅಂದರೂ ಇಂಗ್ಲಿಷರಿಗೆ ಏನೂ ತೊಂದರೆ ಇಲ್ಲ.

ಡಿನೈ ಕಥೆಯೂ ಅಷ್ಟೇ. ನಡೆದು ಹೋದದ್ದನ್ನು ಅಥವಾ ನಡೆದಿದೆ ಅಂತ ಬೇರೆಯವರು ಹೇಳುವುದನ್ನು ತಾನೇ ಅಲ್ಲಗಳೆಯುವುದು? ಅಡ್ಮಿಟ್, ರಿಮೆಂಬರ್, ರಿಗ್ರೆಟ್, ಫರ್ಗೆಟ್, ರೀಕಾಲ್ ಎಲ್ಲ ಹಿಂದಕ್ಕೆ ನೋಡುವ ಕ್ರಿಯಾಪದಗಳು. ಹಿಂದೆ ಅನ್ನುವ ಅರ್ಥ ಅವುಗಳ ಹೊಟ್ಟೆಯಲ್ಲೇ ಇದೆ. ಹಾಗಾಗಿ 'ಟೇಕಿಂಗ್' ಅಂದರೂ 'ಹ್ಯಾವಿಂಗ್ ಟೇಕನ್' ಅಂದರೂ ಒಂದೇ. ಮಾತಿನಲ್ಲಿ ಮೊದಲನೆಯದು ಜಾಸ್ತಿ. ಪೊಲೀಸ್ ಹೇಳಿಕೆ, ಕೋರ್ಟಿನ ಕಾಗದ, ಗಂಭೀರ ಬರವಣಿಗೆಯಲ್ಲಿ ಎರಡನೆಯದು ಕಾಣುತ್ತದೆ.

ಎ ಮತ್ತು ಬಿ ಮಾತ್ರ ಪಕ್ಕಾ ತಪ್ಪು. ಡಿನೈ ಮುಂದೆ 'ಟು' ಬರುವುದಿಲ್ಲ. ಒಳ್ಳೆಯ ಪ್ರಶ್ನೆಪತ್ರಿಕೆ ಮಾಡುವವರು ಪರೀಕ್ಷಿಸುವುದು ಇದನ್ನೇ. ನಿಮ್ಮ ಕೋಚಿಂಗ್‌ನವರು ಎರಡು ಸರಿಯುತ್ತರ ಇಟ್ಟು ಒಂದಕ್ಕೆ ಅಂಕ ಕೊಟ್ಟಿದ್ದಾರೆ.

ಬೆಣ್ಣೆದೋಸೆ_ಪ್ರಿಯೆ
ಥ್ಯಾಂಕ್ಸ್ ಮೇಷ್ಟ್ರೇ. ಹಾಗಾದರೆ ಪಟ್ಟಿಯಲ್ಲಿರುವ ಎಲ್ಲದಕ್ಕೂ ಹೀಗೇನಾ? ಹ್ಯಾವ್ ಇದ್ದರೂ ಸರಿ, ಬಿಟ್ಟರೂ ಸರಿ?

ಪದಜಾಲ
ಅಲ್ಲ ಅಲ್ಲ. ನಿಮ್ಮ ಸರ್ ಪಟ್ಟಿಯ ದೊಡ್ಡ ತೊಂದರೆಯೇ ಅದು. ಅದರಲ್ಲಿ ಮೂರು ಬೇರೆ ಬೇರೆ ಜಾತಿಯ ಕ್ರಿಯಾಪದಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ.

ಸೀಮ್, ಅಪಿಯರ್, ಕ್ಲೈಮ್, ಪ್ರಿಟೆಂಡ್ ತಗೊಳ್ಳಿ. ಇವು ಹಿಂದಕ್ಕೂ ನೋಡಲ್ಲ, ಮುಂದಕ್ಕೂ ನೋಡಲ್ಲ. ಸುಮ್ನೆ ನಿಂತಿರುತ್ತವೆ. ಕಾಲ ಯಾವುದು ಅಂತ ನೀವೇ ಹೇಳಬೇಕು. "ಹಿ ಸೀಮ್ಸ್ ಟು ಬಿ ಇಲ್" ಅಂದರೆ ಈಗ ಹುಷಾರಿಲ್ಲ ಅನ್ನಿಸುತ್ತದೆ. "ಹಿ ಸೀಮ್ಸ್ ಟು ಹ್ಯಾವ್ ಬೀನ್ ಇಲ್" ಅಂದರೆ ಮೊದಲು ಹುಷಾರಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಇಲ್ಲಿ ಹ್ಯಾವ್ ಬಿಟ್ಟರೆ ಅರ್ಥವೇ ಬದಲಾಗುತ್ತದೆ.

ಪ್ರಿಟೆಂಡ್ ಇನ್ನೂ ಚೆನ್ನಾಗಿದೆ. "ಶಿ ಪ್ರಿಟೆಂಡೆಡ್ ನಾಟ್ ಟು ಸೀ ಮಿ" ಅಂದರೆ ಎದುರಿಗೆ ಬಂದಾಗಲೇ ಮುಖ ತಿರುಗಿಸಿ ಹೋದಳು. "ಪ್ರಿಟೆಂಡೆಡ್ ನಾಟ್ ಟು ಹ್ಯಾವ್ ಸೀನ್ ಮಿ" ಅಂದರೆ ಆಮೇಲೆ ಸಿಕ್ಕಾಗ "ಅಯ್ಯೋ, ನೀನು ಬಂದಿದ್ಯಾ? ನಾನು ನೋಡಲೇ ಇಲ್ಲ" ಅಂತ ನಾಟಕ ಮಾಡಿದಳು.

ಮಲೆನಾಡ_ಮಳೆ
ಎರಡನೇ ತರದವರು ನಮ್ಮ ಮದುವೆ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತಾರೆ 😄

ಕರಾವಳಿ_ಮಾಣಿ
ಮಾರಾಯ್ರೆ, ಮೇಷ್ಟ್ರು ಹೇಳಿದ್ದರಲ್ಲಿ ಒಂದು ಸಣ್ಣ ತಕರಾರು ಉಂಟು. "ಟೇಕಿಂಗ್ ಅಂದರೂ ಹ್ಯಾವಿಂಗ್ ಟೇಕನ್ ಅಂದರೂ ಒಂದೇ" ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ. "ಹಿ ಡಿನೈಡ್ ಬೀಯಿಂಗ್ ಎ ಮೆಂಬರ್ ಆಫ್ ದ ಪಾರ್ಟಿ" ಅಂದರೆ "ನಾನು ಆ ಪಕ್ಷದ ಸದಸ್ಯ ಅಲ್ಲ" ಅಂದ. ಹಿಂದೆ ಆಗಿದ್ದನೋ ಇಲ್ಲವೋ ಗೊತ್ತಿಲ್ಲ. "ಡಿನೈಡ್ ಹ್ಯಾವಿಂಗ್ ಬೀನ್ ಎ ಮೆಂಬರ್" ಅಂದರೆ "ಆಗಿರಲೇ ಇಲ್ಲ" ಅಂದ. ಎರಡೂ ಬೇರೆ ಬೇರೆ, ಅಲ್ವಾ?

ನಿವೃತ್ತ_ಮೇಷ್ಟ್ರು
ಮಾಣಿ, ಶಭಾಷ್. ತೆಗೆಯುವುದು, ಮುರಿಯುವುದು, ಹೇಳುವುದು ಇಂಥ ಕೆಲಸಗಳು ಒಮ್ಮೆ ಆಗಿ ಮುಗಿಯುತ್ತವೆ. ಅಲ್ಲಿ ಗೊಂದಲ ಇಲ್ಲ. ಇರುವುದು, ಗೊತ್ತಿರುವುದು, ಸ್ವಂತದ್ದಾಗಿರುವುದು ಇವು ಸ್ಥಿತಿಗಳು. ಇಂಥ ಕಡೆ ಬರೀ 'ಇಂಗ್' ಹಾಕಿದರೆ ಅದೇ ಹೊತ್ತಿನ ಸ್ಥಿತಿ ಅಂತ ಓದುತ್ತಾರೆ. ಹಿಂದಿನದು ಅಂತ ಹೇಳಬೇಕಾದರೆ ಹ್ಯಾವಿಂಗ್ ಬೇಕೇ ಬೇಕು.

ಕೋಡ್_ಕೂಲಿ
ಇಷ್ಟೆಲ್ಲ ಯಾರು ನೋಡುತ್ತಾರೆ ಗುರುಗಳೇ? ನಮ್ಮ ಆಫೀಸಲ್ಲಿ ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರೂ "ಎಸ್ಟರ್ಡೇ ಐ ಹ್ಯಾಡ್ ಫಿಕ್ಸ್ಡ್ ದ ಬಗ್" ಅನ್ನುತ್ತಾರೆ. ಅಮೆರಿಕದ ಮ್ಯಾನೇಜರಿಗೂ ಅರ್ಥ ಆಗುತ್ತದೆ. ಸಂಬಳವೂ ಬರುತ್ತದೆ.

ನ್ಯೂಜೆರ್ಸಿ_ಕನ್ನಡಿಗ
ಅರ್ಥ ಆಗುತ್ತದೆ, ನಿಜ. ಆದರೆ "ಐ ಹ್ಯಾಡ್ ಫಿಕ್ಸ್ಡ್" ಕೇಳಿದ ಅಮೆರಿಕದವನು "ಹೌದಾ, ಆಮೇಲೆ ಏನಾಯ್ತು? ಮತ್ತೆ ಕೆಟ್ಟಿತಾ?" ಅಂತ ಕಾಯುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬ ಹುಡುಗ "ಐ ಹ್ಯಾಡ್ ಸೆಂಟ್ ದ ಫೈಲ್" ಅಂದ. ಆ ಕಡೆಯವರು "ಓಕೆ, ಬಟ್?" ಅಂತ ಕೇಳಿದರು. ಬಟ್ ಏನೂ ಇರಲಿಲ್ಲ. ಫೈಲ್ ಕಳಿಸಿದ್ದ, ಅಷ್ಟೇ.

ಪದಜಾಲ
ಇದು ನಮ್ಮ ಕನ್ನಡದಿಂದ ಬಂದ ಅಭ್ಯಾಸ. "ನಿನ್ನೆ ಮೈಸೂರಿಗೆ ಹೋಗಿದ್ದೆ" ಅನ್ನುವುದು ನಮಗೆ ತುಂಬಾ ಸಹಜ. 'ಹೋದೆ' ಅಂದರೆ ಹೋದದ್ದಷ್ಟೇ. 'ಹೋಗಿದ್ದೆ' ಅಂದರೆ ಹೋಗಿ ಬಂದಾಯಿತು, ಆ ವಿಷಯ ಅಲ್ಲಿಗೆ ಮುಗಿಯಿತು ಅಂತ. ಅದನ್ನೇ ಇಂಗ್ಲಿಷಿಗೆ ಎತ್ತಿ "ಐ ಹ್ಯಾಡ್ ಗಾನ್ ಟು ಮೈಸೂರು ಎಸ್ಟರ್ಡೇ" ಅನ್ನುತ್ತೇವೆ. ಇಂಗ್ಲಿಷಿನ ಹ್ಯಾಡ್‌ಗೆ ಆ ಕೆಲಸ ಇಲ್ಲ. ಅದಕ್ಕೆ ಹಿಂದಿನದೇ ಇನ್ನೊಂದು ಘಟನೆ ಜೊತೆಗೆ ಬೇಕು. ಅದರ ಮುಂದೆ ನಿಂತು ಇನ್ನೂ ಹಿಂದಕ್ಕೆ ಕೈ ತೋರಿಸುವುದು ಹ್ಯಾಡ್‌ನ ಕೆಲಸ.

ಮ್ಯೂನಿಕ್_ಮಂಡಕ್ಕಿ
ಇಲ್ಲಿ ಜರ್ಮನ್ನರಿಗೂ ಇಂಥದ್ದೇ ಪಾಡು. ಅವರ ಭಾಷೆಯಲ್ಲೂ ನಮ್ಮ "ಹತ್ತು ವರ್ಷದಿಂದ ಇಲ್ಲೇ ಇದ್ದೇನೆ" ತರ ವರ್ತಮಾನ ಕಾಲವೇ ನಡೆಯುತ್ತದೆ. ಹಾಗಾಗಿ "ಐ ಲಿವ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಅನ್ನುತ್ತಾರೆ. ಊಟದ ಟೇಬಲ್ಲಲ್ಲಿ ನಾನೂ ಅವರೂ ಒಂದೇ ತಪ್ಪು ಮಾಡುತ್ತಾ ಆರಾಮಾಗಿ ಮಾತಾಡುತ್ತೇವೆ. ಯಾರಿಗೂ ಗೊತ್ತಾಗಲ್ಲ.

ತುಂಗಾತೀರ
ವಿಷಯ ಎಲ್ಲೆಲ್ಲೋ ಹೋಗುತ್ತಿದೆ. ನನ್ನ ಪ್ರಶ್ನೆಗೆ ಉತ್ತರ ಕೊಡಿ. ಪರ್ಫೆಕ್ಟ್ ಅಂದರೆ ಪರ್ಫೆಕ್ಟ್ ತಾನೇ? ಪ್ರೆಸೆಂಟ್ ಪರ್ಫೆಕ್ಟ್ ಜೊತೆ 'ಎಸ್ಟರ್ಡೇ' ಹಾಕಬಾರದು ಅಂತ ಶಾಲೆಯಲ್ಲಿ ಹೊಡೆದು ಕಲಿಸಿದ್ದಾರೆ. ಹಾಗಾದರೆ "ಹಿ ಸೀಮ್ಸ್ ಟು ಹ್ಯಾವ್ ಲೆಫ್ಟ್ ಎಸ್ಟರ್ಡೇ" ತಪ್ಪಾಗಬೇಕಲ್ಲ?

ಪದಜಾಲ
ಅಬ್ಬಾ! ಈ ಚರ್ಚೆಗೆ ಬೇಕಿದ್ದದ್ದು ಈ ಪ್ರಶ್ನೆಯೇ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

"ಹಿ ಹ್ಯಾಸ್ ಲೆಫ್ಟ್ ಎಸ್ಟರ್ಡೇ" ತಪ್ಪು. "ಹಿ ಲೆಫ್ಟ್ ಎಸ್ಟರ್ಡೇ" ಸರಿ. ಇದು ಎಲ್ಲರಿಗೂ ಗೊತ್ತು. ಆದರೆ "ಹಿ ಸೀಮ್ಸ್ ಟು ಹ್ಯಾವ್ ಲೆಫ್ಟ್ ಎಸ್ಟರ್ಡೇ" ನೂರಕ್ಕೆ ನೂರು ಸರಿ. "ಹಿ ಮಸ್ಟ್ ಹ್ಯಾವ್ ಲೆಫ್ಟ್ ಎಸ್ಟರ್ಡೇ" ಅದೂ ಸರಿ. "ಹಿ ಡಿನೈಡ್ ಹ್ಯಾವಿಂಗ್ ಮೆಟ್ ಹರ್ ಆನ್ ಸಂಡೇ" ಅದೂ ಸರಿ. ಹ್ಯಾಸ್ ಜೊತೆ ಕೂಡದ ಎಸ್ಟರ್ಡೇ ಇಲ್ಲಿ ಹೇಗೆ ಕೂಡುತ್ತದೆ?

ಯಾಕೆಂದರೆ ಇಂಗ್ಲಿಷಿನಲ್ಲಿ 'ಟು' ಮುಂದೆ, 'ಮಸ್ಟ್' ಮುಂದೆ, 'ಇಂಗ್' ಒಳಗೆ ಭೂತಕಾಲದ ರೂಪವೇ ಇಲ್ಲ. "ಟು ಲೆಫ್ಟ್" ಅನ್ನೋಕಾಗಲ್ಲ. "ಮಸ್ಟ್ ಲೆಫ್ಟ್" ಅನ್ನೋಕಾಗಲ್ಲ. ಭೂತಕಾಲ ಹೇಳಲೇಬೇಕು, ರೂಪ ಇಲ್ಲ. ಆಗ ಹ್ಯಾವ್ ಬಂದು ಆ ಖಾಲಿ ಜಾಗದಲ್ಲಿ ಕೂರುತ್ತದೆ. ನೋಡಲು ಪರ್ಫೆಕ್ಟ್. ಮಾಡುವ ಕೆಲಸ ಸಾದಾ ಭೂತಕಾಲದ್ದು. ಹಾಗಾಗಿ "ಟು ಹ್ಯಾವ್ ಲೆಫ್ಟ್" ಒಳಗೆ 'ಲೆಫ್ಟ್', 'ಹ್ಯಾಸ್ ಲೆಫ್ಟ್', 'ಹ್ಯಾಡ್ ಲೆಫ್ಟ್' ಮೂರೂ ಅಡಗಿವೆ. ಸಂದರ್ಭ ನೋಡಿ ಬಿಡಿಸಿಕೊಳ್ಳಬೇಕು.

ನಿಮ್ಮ ಕೋಚಿಂಗ್ ಸರ್ "ಪರ್ಫೆಕ್ಟ್ ಹಾಕಿ" ಅಂತ ಹೇಳಿ ಮಕ್ಕಳಿಗೆ ಪ್ರೆಸೆಂಟ್ ಪರ್ಫೆಕ್ಟ್ ನಿಯಮಗಳೆಲ್ಲ ಇಲ್ಲೂ ನಡೆಯುತ್ತವೆ ಅನ್ನುವ ಭ್ರಮೆ ಹುಟ್ಟಿಸುತ್ತಿದ್ದಾರೆ. "ಇಲ್ಲಿ ಹಿಂದಿನ ಕಾಲ ಬೇಕಾ? ಬೇಕಾದರೆ ಹ್ಯಾವ್" ಅಂತ ಹೇಳಿದ್ದರೆ ಪಟ್ಟಿಯೇ ಬೇಕಿರಲಿಲ್ಲ.

ಡೆಸ್ಕ್_ರಾತ್ರಿಪಾಳಿ
ಇಂಗ್ಲಿಷ್ ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡುವವನು ನಾನು. ಪದಜಾಲ ಹೇಳಿದ್ದು ನಮಗೆ ದಿನಾ ಬೇಕಾಗುತ್ತದೆ. "ಕೆಂಪೇಗೌಡ ಈಸ್ ಸೆಡ್ ಟು ಹ್ಯಾವ್ ಫೌಂಡೆಡ್ ಬೆಂಗಳೂರು ಇನ್ 1537." ಇಲ್ಲಿ ಇಸವಿಯೇ ಇದೆ ನೋಡಿ. "ಹ್ಯಾಸ್ ಫೌಂಡೆಡ್ ಇನ್ 1537" ಅಂತ ಬರೆದರೆ ಬೆಳಿಗ್ಗೆ ಓದುಗರು ಫೋನ್ ಮಾಡಿ ಬೈಯುತ್ತಾರೆ. "ಈಸ್ ಸೆಡ್ ಟು ಹ್ಯಾವ್" ಜೊತೆ ಏನೂ ತೊಂದರೆ ಇಲ್ಲ.

ಕ್ರೈಮ್ ಸುದ್ದಿಯ ಅನ್ನವೇ ಇದು. "ದ ಅಕ್ಯೂಸ್ಡ್ ಈಸ್ ಅಲೆಜ್ಡ್ ಟು ಹ್ಯಾವ್ ಸ್ಟೋಲನ್." ಹ್ಯಾವ್ ಬಿಟ್ಟು "ಅಲೆಜ್ಡ್ ಟು ಸ್ಟೀಲ್" ಅಂದರೆ ಅವನು ದಿನಾ ಕದಿಯುವವನು ಅಂತ ಆಗುತ್ತದೆ. ಒಂದು ಕಳ್ಳತನದ ಆರೋಪಿಯನ್ನು ವೃತ್ತಿಪರ ಕಳ್ಳನನ್ನಾಗಿ ಮಾಡಿದಂತೆ. ಹೊಸ ಹುಡುಗರು ಬರೆದ ಸುದ್ದಿಯಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಇನ್ನೊಂದು. "ದ ಮಿನಿಸ್ಟರ್ ವಾಸ್ ಟು ಇನಾಗರೇಟ್ ದ ಬ್ರಿಡ್ಜ್ ಆನ್ ಮಂಡೇ" ಅಂದರೆ ಉದ್ಘಾಟನೆ ನಿಗದಿಯಾಗಿತ್ತು. ಆಯಿತೋ ಇಲ್ಲವೋ ಈ ವಾಕ್ಯ ಹೇಳಲ್ಲ. "ವಾಸ್ ಟು ಹ್ಯಾವ್ ಇನಾಗರೇಟೆಡ್" ಅಂದರೆ ಆಗಲಿಲ್ಲ. ಹ್ಯಾವ್ ಒಂದೇ ಪದ, ಕಾರ್ಯಕ್ರಮ ರದ್ದು.

ಮಲೆನಾಡ_ಮಳೆ
ಸೇತುವೆ ಇತ್ತಾ ಅನ್ನುವುದು ಬೇರೆ ಪ್ರಶ್ನೆ.

ಸುಮ್ನೆ_ಓದುಗ
😂😂

ತುಂಗಾತೀರ
ಈ "ಆಗಲಿಲ್ಲ" ಅನ್ನುವ ಅರ್ಥ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕದ ಕಾಲದವರೆಲ್ಲ ಕಲಿತದ್ದೇ. "ಐ ಹೋಪ್ಡ್ ಟು ಹ್ಯಾವ್ ಮೆಟ್ ಯು" ಅಂದರೆ ಭೇಟಿ ಆಗುವ ಆಸೆ ಇತ್ತು, ಆಗಲಿಲ್ಲ. ಹೋಪ್, ಇಂಟೆಂಡ್, ಮೀನ್, ಎಕ್ಸ್‌ಪೆಕ್ಟ್ ಎಲ್ಲಕ್ಕೂ ಇದೇ. ಹಾಗಾದರೆ ಹೋಪ್ ಪಟ್ಟಿಯಲ್ಲಿ ಇರುವುದು ಸರಿ ತಾನೇ? ಸುಮ್ಮನೆ ಆ ಸರ್‌ಗೆ ಎಲ್ಲರೂ ಮುಗಿಬೀಳುತ್ತಿದ್ದೀರಿ.

ನಿವೃತ್ತ_ಮೇಷ್ಟ್ರು
ಅದು ಹಳೆಯ ಶೈಲಿ. ತಪ್ಪಲ್ಲ, ಆದರೆ ಈಗ ಕೇಳಿಬರುವುದು ಕಡಿಮೆ. ಈಗಿನವರು ಹ್ಯಾವ್ ಅನ್ನು ಆ ಕಡೆಯಿಂದ ಈ ಕಡೆಗೆ ತರುತ್ತಾರೆ: "ಐ ಹ್ಯಾಡ್ ಹೋಪ್ಡ್ ಟು ಮೀಟ್ ಯು." ಅರ್ಥ ಅದೇ, ಆಸೆ ಇತ್ತು, ಕೈಗೂಡಲಿಲ್ಲ.

ಎರಡೂ ಕಡೆ ಹಾಕುವವರೂ ಇದ್ದಾರೆ. "ಐ ಹ್ಯಾಡ್ ಹೋಪ್ಡ್ ಟು ಹ್ಯಾವ್ ಮೆಟ್ ಯು." "ಐ ವುಡ್ ಹ್ಯಾವ್ ಲೈಕ್ಡ್ ಟು ಹ್ಯಾವ್ ಗಾನ್." ಮಾತಿನಲ್ಲಿ ಇಂಗ್ಲಿಷರೇ ಧಾರಾಳವಾಗಿ ಹೀಗೆ ಆಡುತ್ತಾರೆ. ಬರೆಯುವಾಗ ಒಂದನ್ನು ತೆಗೆದುಬಿಡಿ. "ವುಡ್ ಹ್ಯಾವ್ ಲೈಕ್ಡ್ ಟು ಗೋ" ಅಂದರೆ ಆಗ ಹೋಗುವ ಆಸೆ ಇತ್ತು. "ವುಡ್ ಲೈಕ್ ಟು ಹ್ಯಾವ್ ಗಾನ್" ಅಂದರೆ ಹೋಗಿದ್ದರೆ ಚೆನ್ನಾಗಿತ್ತು ಅಂತ ಈಗ ಅನ್ನಿಸುತ್ತಿದೆ. ಹೋಗಿಲ್ಲ ಅನ್ನುವುದು ಎರಡರಲ್ಲೂ ನಿಜ.

ಇನ್ನು "ಐ ಹೋಪ್ ಟು ಹ್ಯಾವ್ ಫಿನಿಷ್ಡ್ ಬೈ ಫ್ರೈಡೇ" ಬೇರೆಯೇ. ಅಲ್ಲಿ ಹಿಂದಿನದು ಏನೂ ಇಲ್ಲ. ಶುಕ್ರವಾರದ ಹೊತ್ತಿಗೆ ಮುಗಿದಿರುತ್ತದೆ ಅನ್ನುವ ಭರವಸೆ. ಹೋಪ್ ಕಂಡ ಕೂಡಲೇ ಕಣ್ಣು ಮುಚ್ಚಿ ಹ್ಯಾವ್ ಹಾಕಿದರೆ "ಐ ಹೋಪ್ ಟು ಹ್ಯಾವ್ ಸೀನ್ ಯು ಟುಮಾರೋ" ಅಂತ ಬರೆದು ಬರುತ್ತೀರಿ.

ಕರಾವಳಿ_ಮಾಣಿ
ರೆನ್ ಹೆಸರು ಬಂತಲ್ಲ, ಒಂದು ವಿಷಯ. ಆ ಪಿ. ಸಿ. ರೆನ್ ಕಾದಂಬರಿಕಾರನೂ ಹೌದು. 1924ರಲ್ಲಿ ಬಂದ ಅವನ 'ಬೋ ಜೆಸ್ಟ್' ಫ್ರೆಂಚ್ ಸೈನ್ಯದ ಕಥೆ, ಅದು ಸಿನಿಮಾ ಕೂಡ ಆಗಿದೆ. ನಮ್ಮಲ್ಲಿ ಆ ಹೆಸರು ಕೇಳಿದರೆ ಮಕ್ಕಳು ಓಡುತ್ತಾರೆ.

ಕೋಡ್_ಕೂಲಿ
ಕಾದಂಬರಿ ಬರೆದವನು ಯಾಕೆ ನಮ್ಮ ಬಾಲ್ಯ ಹಾಳು ಮಾಡಿದ ಅಂತ ಈಗ ಗೊತ್ತಾಯ್ತಾ? ನನಗಿನ್ನೂ ಗೊತ್ತಾಗಿಲ್ಲ.

ಇರಲಿ, ನನ್ನದೂ ಒಂದು ಪ್ರಶ್ನೆ. ಅಮೆರಿಕದವರ ಚಾಟ್‌ನಲ್ಲಿ "ಐ ಶುಡ್ ಆಫ್ ಟೋಲ್ಡ್ ಯು" ಅಂತ ನೋಡುತ್ತೇನೆ. ಹ್ಯಾವ್ ಬದಲು ಆಫ್. ಇದು ಯಾವ ವ್ಯಾಕರಣ?

ನ್ಯೂಜೆರ್ಸಿ_ಕನ್ನಡಿಗ
ಅದು ವ್ಯಾಕರಣ ಅಲ್ಲ, ಕಿವಿಯ ಕೆಲಸ. 'ಶುಡ್ ಹ್ಯಾವ್' ಬಾಯಲ್ಲಿ 'ಶುಡವ್' ಆಗುತ್ತದೆ. 'ಆಫ್' ಪದವೂ ಬೇಗ ಹೇಳಿದರೆ 'ಅವ್' ಅಂತಲೇ ಕೇಳಿಸುತ್ತದೆ. ಕೇಳಿದಂತೆ ಬರೆದುಬಿಡುತ್ತಾರೆ. ನನ್ನ ಮಗಳ ಶಾಲೆಯಲ್ಲಿ ಇಲ್ಲಿಯ ಮಕ್ಕಳಿಗೇ ಇದನ್ನು ತಿದ್ದುತ್ತಾರೆ. ನಮ್ಮವರು ಈ ತಪ್ಪು ಮಾಡುವುದು ಬಹಳ ಕಡಿಮೆ. ನಾವು ಕಣ್ಣಿಂದ ಕಲಿತವರು, ಕಿವಿಯಿಂದ ಅಲ್ಲ.

ಬೆಣ್ಣೆದೋಸೆ_ಪ್ರಿಯೆ
ಎಷ್ಟೊಂದು ಕಲಿತೆ! ಆದರೆ ಶುಡ್ ಹ್ಯಾವ್, ಮಸ್ಟ್ ಹ್ಯಾವ್, ಮೈಟ್ ಹ್ಯಾವ್ ಬಂದಾಗ ನನಗೆ ತಲೆ ಕೆಡುತ್ತದೆ. ಕನ್ನಡದಲ್ಲಿ ಯೋಚಿಸಿ ಹಾಕೋಣ ಅಂದರೆ ಒಂದಕ್ಕೊಂದು ಕೂಡಲ್ಲ.

ಪದಜಾಲ
ಕನ್ನಡದಲ್ಲೇ ಯೋಚಿಸಿ, ಒಳ್ಳೆಯದು. ಈ ವಿಷಯದಲ್ಲಿ ಕನ್ನಡ ಇಂಗ್ಲಿಷಿಗಿಂತ ಸ್ಪಷ್ಟ.

'ಬಂದಿರಬೇಕು' ಅಂದರೆ ಊಹೆ. ಚಪ್ಪಲಿ ಬಾಗಿಲಲ್ಲಿದೆ, ಅಪ್ಪ ಬಂದಿರಬೇಕು. ಮಸ್ಟ್ ಹ್ಯಾವ್ ಕಮ್. 'ಬರಬೇಕಿತ್ತು' ಅಂದರೆ ಬರಲಿಲ್ಲ, ಅದಕ್ಕೆ ದೂರು. ಶುಡ್ ಹ್ಯಾವ್ ಕಮ್. ನಾವು ಮೊದಲನೆಯದರಲ್ಲಿ ಹಿಂದಿನ ಕಾಲವನ್ನು ಬರುವುದರ ಮೇಲೆ ಹೇರಿದೆವು, ಎರಡನೆಯದರಲ್ಲಿ ಬೇಕು ಅನ್ನುವುದರ ಮೇಲೆ ಹೇರಿದೆವು. ಇಂಗ್ಲಿಷಿನ ಮಸ್ಟ್, ಶುಡ್‌ಗಳಿಗೆ 'ಇತ್ತು' ಅಂಟಿಸಲು ಬರಲ್ಲ. ಹಾಗಾಗಿ ಎಲ್ಲ ಭಾರವೂ ಹ್ಯಾವ್ ಮೇಲೆ.

ಅದರಿಂದಾಗಿ 'ಮೈಟ್ ಹ್ಯಾವ್' ಗೊಂದಲ ಆಗುತ್ತದೆ. "ಹಿ ಮೈಟ್ ಹ್ಯಾವ್ ಕಾಲ್ಡ್" ಅಂದರೆ 'ಫೋನ್ ಮಾಡಿರಬಹುದು' ಅಂತಲೂ ಆಗುತ್ತದೆ, 'ಫೋನ್ ಮಾಡಬಹುದಿತ್ತು' ಅಂತ ಮುನಿಸಿನ ಮಾತೂ ಆಗುತ್ತದೆ. ಇಂಗ್ಲಿಷಿನವರು ದನಿಯಿಂದ ತಿಳಿಯುತ್ತಾರೆ. ನಮಗೆ ಪದದಲ್ಲೇ ಗೊತ್ತಾಗುತ್ತದೆ.

ಮಲೆನಾಡ_ಮಳೆ
"ಮಾಡಬಹುದಿತ್ತು" ಅಂತ ನಮ್ಮತ್ತೆ ಹೇಳುವಾಗ ದನಿಯೂ ಬೇಕಾಗಲ್ಲ, ಮುಖ ಸಾಕು.

ಮ್ಯೂನಿಕ್_ಮಂಡಕ್ಕಿ
'ನೀಡ್ ನಾಟ್ ಹ್ಯಾವ್' ಮರೆತಿರಿ. "ಯು ನೀಡ್ ನಾಟ್ ಹ್ಯಾವ್ ಬ್ರಾಟ್ ಸ್ವೀಟ್ಸ್" ಅಂದರೆ ತಂದಿದ್ದೀರಿ, ಸುಮ್ನೆ ತಂದಿರಿ. "ಯು ಡಿಡ್ ನಾಟ್ ನೀಡ್ ಟು ಬ್ರಿಂಗ್ ಸ್ವೀಟ್ಸ್" ಅಂದರೆ ತರುವ ಅಗತ್ಯ ಇರಲಿಲ್ಲ, ತಂದರೋ ಬಿಟ್ಟರೋ ಹೇಳಿಲ್ಲ. ಪರೀಕ್ಷೆಗಳಿಗೆ ಇದು ಪ್ರಿಯವಾದ ಜಾಗ.

ಡೆಸ್ಕ್_ರಾತ್ರಿಪಾಳಿ
ರಿಗ್ರೆಟ್ ಬಗ್ಗೆ ಯಾರೂ ಹೇಳಲಿಲ್ಲ. ಅರ್ಜಿ, ಇಮೇಲ್ ಬರೆಯುವವರು ಇಲ್ಲಿ ಎಡವುತ್ತಾರೆ. "ವಿ ರಿಗ್ರೆಟ್ ಟು ಇನ್ಫಾರ್ಮ್ ಯು" ಅಂದರೆ ಕೆಟ್ಟ ಸುದ್ದಿ ಈಗ ಬರುತ್ತಿದೆ. "ವಿ ರಿಗ್ರೆಟ್ ಇನ್ಫಾರ್ಮಿಂಗ್ ಯು" ಅಂದರೆ ನಿಮಗೆ ಹೇಳಿದ್ದೇ ತಪ್ಪಾಯ್ತು! ಒಬ್ಬರು ಗ್ರಾಹಕರಿಗೆ ಎರಡನೆಯದನ್ನು ಕಳಿಸಿದ ಪತ್ರ ನಮ್ಮ ಓದುಗರ ಅಂಕಣಕ್ಕೆ ಬಂದಿತ್ತು.

ರಿಮೆಂಬರ್ ಕೂಡ ಹಾಗೇ. "ರಿಮೆಂಬರ್ ಟು ಲಾಕ್" ಮುಂದಿನ ಕೆಲಸ. "ರಿಮೆಂಬರ್ ಲಾಕಿಂಗ್" ಆಗಿಹೋದ ಕೆಲಸ. "ರಿಮೆಂಬರ್ ಹ್ಯಾವಿಂಗ್ ಲಾಕ್ಡ್" ಅಂದರೂ ಅದೇ, ಸ್ವಲ್ಪ ಒತ್ತಿ ಹೇಳಿದಂತೆ.

ತುಂಗಾತೀರ
ಸರಿ, ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಆದರೆ ಪರೀಕ್ಷೆಯಲ್ಲಿ ಎರಡೂ ಆಯ್ಕೆ ಕೊಟ್ಟರೆ? ಹುಡುಗಿ ಯಾವುದಕ್ಕೆ ಟಿಕ್ ಹಾಕಬೇಕು? ನೀವೆಲ್ಲ "ಎರಡೂ ಸರಿ" ಅಂತ ಹೇಳಿ ಎದ್ದು ಹೋಗುತ್ತೀರಿ. ಅಂಕ ಹೋಗುವುದು ಅವಳದ್ದು. ಆ ಸರ್ ಕೊಟ್ಟ ಸೂತ್ರ ಒರಟು ಇರಬಹುದು, ಪರೀಕ್ಷೆ ಹಾಲಿನಲ್ಲಿ ಕೆಲಸಕ್ಕೆ ಬರುತ್ತದೆ.

ನಿವೃತ್ತ_ಮೇಷ್ಟ್ರು
ಕೆಲಸಕ್ಕೆ ಬರಲ್ಲ ಅನ್ನುವುದೇ ನನ್ನ ಮಾತು. ಆ ಸೂತ್ರ ಹಿಡಿದು ಹೋದವನು "ಹಿ ಮ್ಯಾನೇಜ್ಡ್ ಟು ಹ್ಯಾವ್ ಫಿನಿಷ್ಡ್" ಅಂತ ಬರೆಯುತ್ತಾನೆ. ಮ್ಯಾನೇಜ್, ಟ್ರೈ, ಬಿಗಿನ್ ಇವುಗಳ ಜೊತೆ ಕೆಲಸ ಆಗಲೇ ನಡೆಯುತ್ತದೆ ಅಥವಾ ಮುಂದೆ ನಡೆಯುತ್ತದೆ. ಹಿಂದೆ ಹೋಗಲು ದಾರಿಯೇ ಇಲ್ಲ. ಅವಾಯ್ಡ್, ಸಜೆಸ್ಟ್ ಅಂಥವಕ್ಕೂ ಹ್ಯಾವಿಂಗ್ ಹೊಂದುವುದಿಲ್ಲ. ಆಗದೇ ಇರುವುದನ್ನು ತಾನೇ ತಪ್ಪಿಸಿಕೊಳ್ಳುವುದು?

ಎರಡೂ ಆಯ್ಕೆ ಇದ್ದರೆ ಏನು ಮಾಡಬೇಕು? ಮೊದಲು ವಾಕ್ಯದಲ್ಲಿ ಬೇರೆ ಸುಳಿವು ಹುಡುಕಿ. ಕ್ರಿಯೆಯೋ ಸ್ಥಿತಿಯೋ ನೋಡಿ. ಸುಳಿವೇ ಇಲ್ಲದಿದ್ದರೆ, ಪ್ರಶ್ನೆ ಮಾಡಿದವರು ಹಳೆಯ ಪುಸ್ತಕದವರಿರಬಹುದು ಅಂತ ಹ್ಯಾವಿಂಗ್‌ಗೆ ಹಾಕಿ. ಇದು ವ್ಯಾಕರಣ ಅಲ್ಲ, ಬರೀ ಜಾಣತನ.

ಕೋಡ್_ಕೂಲಿ
ಮೇಷ್ಟ್ರೇ, ಹಾಗಾದರೆ ಕೊನೆಗೆ ಕೋಚಿಂಗ್ ಸರ್ ಉತ್ತರಕ್ಕೇ ಬಂದಿರಿ!

ನಿವೃತ್ತ_ಮೇಷ್ಟ್ರು
ಉತ್ತರಕ್ಕೆ ಬಂದೆ, ಕಾರಣಕ್ಕೆ ಬರಲಿಲ್ಲ.

ಕರಾವಳಿ_ಮಾಣಿ
ಮಾಕ್ ಟೆಸ್ಟ್ ಆದ್ದರಿಂದ ಹೋಗಲಿ ಬಿಡಿ. ಎಸ್‌ಎಸ್‌ಸಿಯವರು, ಕೆಪಿಎಸ್‌ಸಿಯವರು ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಅಂಥ ಕಡೆ ಇಂಥ ಪ್ರಶ್ನೆ ಬಂದರೆ ಬಿಡಬೇಡಿ. ಯಾವುದಾದರೂ ಒಳ್ಳೆಯ ಡಿಕ್ಷನರಿಯಲ್ಲಿ ಡಿನೈ ಪದ ತೆಗೆದರೆ 'ಡಿನೈ ಡೂಯಿಂಗ್' ಅಂತ ಉದಾಹರಣೆ ಇದ್ದೇ ಇರುತ್ತದೆ. ಅದರ ಫೋಟೋ ಸಾಕು.

ಸುಮ್ನೆ_ಓದುಗ
ನನ್ನದೊಂದು ಸಣ್ಣ ಡೌಟು. "ದಿಸ್ ಈಸ್ ದ ಫಸ್ಟ್ ಟೈಮ್ ಐ ಆಮ್ ಈಟಿಂಗ್ ದಿಸ್" ತಪ್ಪಾ? ನಾವೆಲ್ಲ ಹೀಗೇ ಹೇಳುತ್ತೇವಲ್ಲ.

ನ್ಯೂಜೆರ್ಸಿ_ಕನ್ನಡಿಗ
ನಮ್ಮ ಕಡೆ ಎಲ್ಲರೂ ಹಾಗೇ ಹೇಳುವುದು. ಇಲ್ಲಿಯವರು "ಐ ಹ್ಯಾವ್ ಈಟನ್" ಅನ್ನುತ್ತಾರೆ, ಇನ್ನೂ ಬಾಯಲ್ಲಿ ಇದ್ದರೂ ಸಹ. ಇದುವರೆಗಿನ ಲೆಕ್ಕ ಹೇಳುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಹಿಂದಿನ ಕಥೆಯಾದರೆ "ಇಟ್ ವಾಸ್ ದ ಫಸ್ಟ್ ಟೈಮ್ ಐ ಹ್ಯಾಡ್ ಈಟನ್."

ಬೆಣ್ಣೆದೋಸೆ_ಪ್ರಿಯೆ
ಈ ಚರ್ಚೆಯ ಸ್ಕ್ರೀನ್‌ಶಾಟ್ ಸರ್‌ಗೆ ತೋರಿಸಿದೆ. "ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯುತ್ತಾರೆ" ಅಂದರು. ಎಸ್ಟರ್ಡೇ ವಾಕ್ಯ ತೋರಿಸಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೀಮ್ ಬೇರೆ, ಡಿನೈ ಬೇರೆ" ಅಂದರು. ಮೈನಸ್ ಅಂಕ ವಾಪಸ್ ಕೊಡಲಿಲ್ಲ.

ಇನ್ನೊಂದು ಪ್ರಶ್ನೆ ಇದೆ. "ಐ ಪ್ರಾಮಿಸ್ ಟು ಹ್ಯಾವ್ ದ ರಿಪೋರ್ಟ್ ರೆಡಿ ಬೈ ಮಂಡೇ." ಇದೂ ಆ ಹ್ಯಾವ್‌ನೇ?

ಪದಜಾಲ
ಅಲ್ಲ. ಇಲ್ಲಿ ಹ್ಯಾವ್ ಮುಖ್ಯ ಕ್ರಿಯಾಪದ, ವರದಿಯನ್ನು ಸಿದ್ಧವಾಗಿ ಇಡುತ್ತೇನೆ ಅಂತ. 'ರೆಡಿ' ಕ್ರಿಯಾಪದ ಅಲ್ಲವಲ್ಲ. "ಟು ಹ್ಯಾವ್ ಫಿನಿಷ್ಡ್ ದ ರಿಪೋರ್ಟ್" ಅಂದಿದ್ದರೆ ನಮ್ಮ ಹ್ಯಾವ್ ಆಗುತ್ತಿತ್ತು. "ಟು ಹ್ಯಾವ್ ದ ರಿಪೋರ್ಟ್ ಫಿನಿಷ್ಡ್" ಅಂದರೆ ಮತ್ತೆ ಇನ್ನೊಂದು, ಬೇರೆಯವರಿಂದ ಮಾಡಿಸಿದರೂ ನಡೆಯುತ್ತದೆ.

ಕೋಡ್_ಕೂಲಿ
ಕೊನೆಯದು ನಮ್ಮ ಮ್ಯಾನೇಜರ್ ಬಳಸುವುದು.